ಬದಲಿ ರಕ್ತ: ಒತ್ತಾಯದಿಂದ ಮಾಡಿಸಿದ ಒಳ್ಳೆಯ ಕೆಲಸ ಒಳ್ಳೆಯದೇ?

ಪರ: ಮುಯ್ಯಿ ತೀರಿಸುವುದೂ ಸದ್ಗುಣವೇ

ರೋಗಿಗೆ ಎರಡು ಯೂನಿಟ್ ರಕ್ತ ಬೇಕೆಂದರೆ ರಕ್ತನಿಧಿಯವರು ‘ಬದಲಿಗೆ ಇಬ್ಬರು ದಾನಿಗಳನ್ನು ಕರೆತನ್ನಿ’ ಎನ್ನುತ್ತಾರೆ. ಇದನ್ನು ಸುಲಿಗೆ ಎನ್ನುವವರು ಮೊದಲು ರಕ್ತದ ಆಯುಷ್ಯ ನೋಡಬೇಕು. ಕೆಂಪುಕಣಗಳನ್ನು 2ರಿಂದ 6 ಡಿಗ್ರಿ ತಂಪಿನಲ್ಲಿಟ್ಟರೂ ಹೆಚ್ಚೆಂದರೆ 42 ದಿನ ಬಳಸಬಹುದು. ಪ್ಲೇಟ್‌ಲೆಟ್‌ಗೆ ಸಾಮಾನ್ಯವಾಗಿ ಐದೇ ದಿನ, ಅದನ್ನೂ ಯಂತ್ರದಲ್ಲಿ ಅಲುಗಾಡಿಸುತ್ತಲೇ ಇಡಬೇಕು. ಕಣಜದ ಭತ್ತದಂತೆ ಕೂಡಿಡಲು ಬರುವುದಿಲ್ಲ. ಶಿಬಿರಗಳು ಹೆಚ್ಚಾಗಿ ಕಾಲೇಜುಗಳನ್ನು ನೆಚ್ಚಿಕೊಂಡಿವೆ. ಪರೀಕ್ಷೆ, ಬೇಸಿಗೆ ರಜೆ ಬಂತೆಂದರೆ ದಾನಿಗಳಿಲ್ಲ. ಹೆರಿಗೆಯ ರಕ್ತಸ್ರಾವಕ್ಕೆ ರಜೆಯೂ ಇಲ್ಲ.

ಬದಲಿಯಾಗಿ ಕೊಡುವ ರಕ್ತ ರೋಗಿಯ ಗುಂಪಿನದೇ ಆಗಬೇಕಿಲ್ಲ. ದಾಸ್ತಾನಿನಿಂದ ಒಂದು ಯೂನಿಟ್ ನಿಮ್ಮವರಿಗೆ ಹೋಗುತ್ತದೆ, ನೀವು ಕೊಟ್ಟದ್ದು ಪರೀಕ್ಷೆ ಮುಗಿಸಿ ಇನ್ನಾರಿಗೋ ಸೇರುತ್ತದೆ. ನಾಟಿಯ ದಿನಗಳಲ್ಲಿ ಮುಯ್ಯಾಳು ನಡೆಯುವುದೂ ಹೀಗೆಯೇ: ಅವರ ಗದ್ದೆಗೆ ನಾವು, ನಮ್ಮ ಗದ್ದೆಗೆ ಅವರು. ಋಣ ತೀರಿಸಲು ಬಂದವನ ಕೆಲಸವನ್ನು ಕೀಳೆಂದು ಯಾರೂ ಎಣಿಸುವುದಿಲ್ಲ.

ಒಳ್ಳೆಯತನ ಹುಟ್ಟುವಾಗಲೇ ಪಕ್ವವಾಗಿ ಬರುವುದೂ ಇಲ್ಲ. ಸೂಜಿಗೆ ಹೆದರಿ ಕೂತವನಿಗೆ ಮೊದಲ 350 ಮಿ.ಲೀ. ಕೊಡುವಷ್ಟರಲ್ಲಿ, ಅಂದರೆ ಸುಮಾರು ಹತ್ತು ನಿಮಿಷದಲ್ಲಿ, ಇದು ಆಗುವ ಕೆಲಸವೆಂದು ಗೊತ್ತಾಗುತ್ತದೆ. ಗಂಡಸರು 90 ದಿನ, ಹೆಂಗಸರು 120 ದಿನ ಕಳೆದ ಮೇಲೆ ಮತ್ತೆ ಕೊಡಬಹುದು. ಆ ದಿನ ನೆನಪಿಟ್ಟು ಒಂದು ಫೋನ್ ಮಾಡದಿದ್ದರೆ ತಪ್ಪು ರಕ್ತನಿಧಿಯದು, ಬದಲಿ ಪದ್ಧತಿಯದಲ್ಲ.

ವಿರೋಧ: ಇಲ್ಲವೆನ್ನಲು ಬಿಡದ ಕಡೆ ದಾನವಿಲ್ಲ

ರಕ್ತದ ಮೊದಲ ಪರೀಕ್ಷೆ ಪ್ರಯೋಗಾಲಯದಲ್ಲಿ ನಡೆಯುವುದಲ್ಲ, ದಾನಿಯ ಬಾಯಲ್ಲಿ ನಡೆಯುತ್ತದೆ. ಇತ್ತೀಚೆಗೆ ಕಾಮಾಲೆ ಆಗಿತ್ತೇ, ಹಚ್ಚೆ ಹಾಕಿಸಿದ್ದೀರಾ, ಅಪಾಯದ ಲೈಂಗಿಕ ಸಂಪರ್ಕವಿತ್ತೇ ಎಂದು ಕೇಳುವುದು ಸುಮ್ಮನೆ ಅಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪತ್ತೆಗೆ ಪ್ರತಿ ಯೂನಿಟ್‌ಗೂ ಪರೀಕ್ಷೆ ಕಡ್ಡಾಯ. ಆದರೂ ಸೋಂಕು ತಗುಲಿದ ಆರಂಭದ ಕೆಲವು ದಿನ ಯಾವ ಪರೀಕ್ಷೆಗೂ ಅದು ಸಿಗುವುದಿಲ್ಲ. ಆ ಸಂದಿಯನ್ನು ಕಾಯುವುದು ದಾನಿಯ ಪ್ರಾಮಾಣಿಕತೆ ಮಾತ್ರ.

ಈಗ ಹೊರಗೆ ಅತ್ತೆ, ಭಾವ, ಮೈದುನ ಎಲ್ಲರೂ ಕಾದಿದ್ದಾರೆ, ಒಳಗೆ ಅಳಿಯ ಕೂತಿದ್ದಾನೆ. ‘ನಾನು ಕೊಡುವ ಹಾಗಿಲ್ಲ’ ಎಂದರೆ ಯಾಕೆಂದು ಮನೆಯವರಿಗೆ ಹೇಳಬೇಕು. ಅವನು ‘ಎಲ್ಲಾ ಸರಿಯಿದೆ’ ಎಂದು ಬರೆದುಬಿಡುತ್ತಾನೆ. ಅವನ ಸುಳ್ಳಿಗೆ ದುರುದ್ದೇಶ ಕಾರಣವಲ್ಲ. ನಾವೇ ಅವನಿಗೆ ಸತ್ಯ ಹೇಳುವ ದಾರಿ ಮುಚ್ಚಿದ್ದೇವೆ.

ಮುಯ್ಯಿಯ ಹೋಲಿಕೆಯೂ ನಿಲ್ಲದು. ಮುಯ್ಯಾಳು ನಡೆಯುವುದು ಊರಿನ ನೆರೆಹೊರೆಯವರ ನಡುವೆ, ಕಾಲಾವಕಾಶ ಇಟ್ಟುಕೊಂಡು. ರಾಯಚೂರಿನಿಂದ ಬೆಂಗಳೂರಿಗೆ ರೋಗಿಯನ್ನು ತಂದ ಮನೆಯವರು ರಾತ್ರಿ ಹತ್ತಕ್ಕೆ ಯಾರನ್ನು ಕರೆದಾರು? ಹೆಂಡತಿಗೆ ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ, ತಂದೆಗೆ 65 ದಾಟಿದೆ, ಮಗನ ತೂಕ 45 ಕೆ.ಜಿ. ಇಲ್ಲ; ಮೂವರೂ ರಕ್ತ ಕೊಡುವಂತಿಲ್ಲ. ಆಗ ದಲ್ಲಾಳಿ ಬರುತ್ತಾನೆ, ಹಣ ತೆಗೆದುಕೊಂಡವನು ‘ಚಿಕ್ಕಪ್ಪನ ಮಗ’ ಎಂದು ಸಹಿ ಹಾಕುತ್ತಾನೆ. 1996ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 1998ರ ಜನವರಿ 1ರಿಂದ ನಿಂತಿರಬೇಕಾದ ರಕ್ತಮಾರಾಟ ಒಳಬರುವುದು ಈ ಹಿತ್ತಿಲ ಬಾಗಿಲಿನಿಂದಲೇ. ಬದಲಿ ಪದ್ಧತಿಯನ್ನು ಹಂತಹಂತವಾಗಿ ಕೈಬಿಡಬೇಕೆಂದು 2002ರ ರಾಷ್ಟ್ರೀಯ ರಕ್ತನೀತಿಯೂ ಹೇಳಿದೆ.

ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕಾದ ಥಲಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯ ಮಗುವಿನ ಮನೆಯವರು ಎಷ್ಟು ಸಲ ಬದಲಿ ತಂದಾರು!

ಅಭ್ಯಾಸದಿಂದ ಗುಣ ಬೆಳೆಯುತ್ತದೆ, ಒಪ್ಪೋಣ. ಅದನ್ನು ಬೆಳೆಸಬೇಕಾದದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಲ್ಲ. ಒಂದೇ ದಿನ ಐನೂರು ಯೂನಿಟ್ ತೆಗೆದು ಫೋಟೊ ಹಿಡಿಸುವ ಬದಲು ಅದೇ ದಾನಿಗಳನ್ನು ವರ್ಷವಿಡೀ ಹಂಚಬೇಕು, ಏಪ್ರಿಲ್-ಮೇ ತಿಂಗಳಿಗೆ ಕಾರ್ಖಾನೆ, ಕಚೇರಿ, ಮಠ, ಮಸೀದಿಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮತ್ತು ಪ್ರತಿ ದಾನಿಗೂ ರಕ್ತ ಕೊಟ್ಟ ಮೇಲೂ ‘ನನ್ನ ರಕ್ತ ಬಳಸಬೇಡಿ’ ಎಂದು ಗುಟ್ಟಾಗಿ ತಿಳಿಸುವ ಅವಕಾಶ ಇರಬೇಕು.