ನಾಲ್ಕು ವಾಕ್ಯಕ್ಕೆ 18 ಮಾರ್ಕ್ಸ್

"ನಾಲ್ಕೇ ನಾಲ್ಕು ವಾಕ್ಯ ಬರೆದಿದ್ದಾನೆ, ಇವನಿಗೆ 20ಕ್ಕೆ 18 ಕೊಟ್ಟಿದ್ದೀರಲ್ಲ ಮೇಡಂ?" ಅಂತ ಮೊನ್ನೆ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಹೆಸರು ಬೇಡ ಬಿಡಿ. ಉತ್ತರ ಶುರು ಮಾಡುವಷ್ಟರಲ್ಲಿ ಬೆಲ್ ಹೊಡೆಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾನು ಅತಿಥಿ ಉಪನ್ಯಾಸಕಿ. ಎಂಎ ಕನ್ನಡದ ಮಕ್ಕಳಿಗೆ ಭಾಷಾವಿಜ್ಞಾನದ ಪತ್ರಿಕೆ ಪಾಠ ಮಾಡುತ್ತೇನೆ. ಇಂಟರ್ನಲ್ಸ್‌ಗೆ ಅಸೈನ್‌ಮೆಂಟ್ ಕೊಡಬೇಕಲ್ಲ, ಪ್ರತಿ ವರ್ಷ "ಧ್ವನಿಮಾ ಎಂದರೇನು, ವಿವರಿಸಿ" ಅಂತ ಕೊಡುತ್ತಿದ್ದೆ. (ಧ್ವನಿಮಾ ಅಂದರೆ, ಬದಲಾದರೆ ಪದದ ಅರ್ಥವೇ ಬದಲಾಗುವಂಥ ಧ್ವನಿ.) ಅವರು ಹಿಂದಿನ ಬ್ಯಾಚಿನವರದ್ದು ನೋಡಿ ಬರೆಯುತ್ತಿದ್ದರು, ನಾನು ಕೆಂಪು ಪೆನ್ನಲ್ಲಿ ಟಿಕ್ ಹಾಕುತ್ತಿದ್ದೆ, ವರ್ಷದ ಕೊನೆಗೆ ಇಡೀ ಕಟ್ಟು ಗುಜರಿಗೆ. ಬರೆದವರೂ ಓದಿಲ್ಲ, ನಾನೂ ಪೂರ್ತಿ ಓದಿಲ್ಲ. ಸಾಕಾಯ್ತು. ಈ ಸಲ ಹೇಳಿದೆ: ಕನ್ನಡ ವಿಕಿಪೀಡಿಯದಲ್ಲಿ ಭಾಷೆಗಳ ಬಗ್ಗೆ ಇರುವ ಯಾವುದಾದರೂ ಒಂದು ಪುಟ ಹಿಡಿಯಿರಿ, ಅದನ್ನು ಸರಿಮಾಡಿ, ಅದೇ ನಿಮ್ಮ ಅಸೈನ್‌ಮೆಂಟ್.

ಇದು ನನ್ನ ತಲೆಯಿಂದ ಬಂದ ಐಡಿಯಾ ಅಲ್ಲ. ಅಮೆರಿಕದಲ್ಲಿ ವಿಕಿ ಎಜುಕೇಶನ್ ಅನ್ನುವ ಸಂಸ್ಥೆ ಅಲ್ಲಿನ ಲಿಂಗ್ವಿಸ್ಟಿಕ್ ಸೊಸೈಟಿ ಜೊತೆ ಸೇರಿ ಇದನ್ನು ಚೆನ್ನಾಗಿ ನಡೆಸಿದೆ. ನಮ್ಮಲ್ಲೂ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು ಹತ್ತು ವರ್ಷಕ್ಕೂ ಹಿಂದೆಯೇ ವಿಕಿಪೀಡಿಯಕ್ಕೆ ಬರೆದಿದ್ದಾರೆ. ಕೆಟ್ಟು ಹೋದ ಉದಾಹರಣೆಯೂ ಇದೆ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ದೊಡ್ಡದಾಗಿ ಶುರು ಮಾಡಿದರು. ಮಕ್ಕಳು ಪುಸ್ತಕ, ವೆಬ್‌ಸೈಟ್‌ಗಳಿಂದ ಎತ್ತಿ ಎತ್ತಿ ಹಾಕಿದರು, ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರು ಬಳಿದೂ ಬಳಿದೂ ಸುಸ್ತಾದರು, ಕೊನೆಗೆ ಅದೇ ವರ್ಷ ನಿಲ್ಲಿಸಬೇಕಾಯಿತು.

ಪುಣೆಯವರನ್ನು ನಾನು ಆಡಿಕೊಳ್ಳುವ ಹಾಗಿಲ್ಲ. ಕೆಲವು ವರ್ಷದ ಹಿಂದೆ ಬೇರೊಂದು ಕಾಲೇಜಿನಲ್ಲಿ ನಾನೂ ಅದನ್ನೇ ಮಾಡಿದ್ದೆ. ಒಬ್ಬೊಬ್ಬರೂ ಒಂದು ಹೊಸ ಲೇಖನ, ಕಡಿಮೆ ಅಂದರೆ 5000 ಬೈಟ್ ಇರಲೇಬೇಕು ಅಂತ. ಕೇಳಲು ದೊಡ್ಡದು ಅನಿಸುತ್ತೆ ಅಲ್ವಾ? ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಹಿಡಿಯುತ್ತೆ. 'ಕ್ಷೀ' ಅಂತ ಒಂದೇ ಒಂದು ಅಕ್ಷರ ಬರೆದರೆ 12 ಬೈಟ್ ಆಯ್ತು. ಅಂದರೆ 5000 ಬೈಟ್ ಅನ್ನೋದು ಹೆಚ್ಚೆಂದರೆ ಇನ್ನೂರು ಚಿಲ್ಲರೆ ಪದ. ಒತ್ತಕ್ಷರದ ಸಂಸ್ಕೃತ ಪದ ತುರುಕಿದಷ್ಟೂ ಬೇಗ ಮುಗಿಯುತ್ತೆ. ಒಬ್ಬ ಇದನ್ನು ಕಂಡುಹಿಡಿದು ಇಡೀ ಕ್ಲಾಸಿಗೆ ಹೇಳಿಕೊಟ್ಟ. ಬುದ್ಧಿವಂತ. ನಮಗೆ ಸಿಕ್ಕಿದ್ದು ಯಾರಿಗೂ ಬೇಡದ ಮೂವತ್ತು ಪುಟ. ಅದರಲ್ಲಿ ಅರ್ಧದಷ್ಟನ್ನು ಯಾರೋ ಪುಣ್ಯಾತ್ಮರು ತಮ್ಮ ರಾತ್ರಿ ನಿದ್ದೆ ಬಿಟ್ಟು ಅಳಿಸಿದರು. ಅವರಿಗೆ ಸಂಬಳ ಇಲ್ಲ. ನಮ್ಮ ಇಂಟರ್ನಲ್ಸ್‌ನ ಕಸ ಅವರ ಅಂಗಳಕ್ಕೆ ಹೋಗಿ ಬಿತ್ತು.

ಹಾಗಾಗಿ ಈ ಸಲ ನಿಯಮ ತಿರುಗಿಸಿದೆ. ಹೊಸ ಲೇಖನ ಬೇಡವೇ ಬೇಡ. ಬೈಟ್ ಲೆಕ್ಕ ಇಲ್ಲ. ಏನು ತೆಗೆದಿರಿ, ಯಾಕೆ ತೆಗೆದಿರಿ, ಹಾಕಿದ ಮಾತಿಗೆ ಉಲ್ಲೇಖ ಎಲ್ಲಿದೆ, ಚರ್ಚೆ ಪುಟದಲ್ಲಿ (ಪ್ರತಿ ಲೇಖನದ ಬಗ್ಗೆ ಮಾತಾಡಲು ಇರುವ ಪುಟ) ಏನು ಬರೆದಿರಿ, ಇವಕ್ಕೆ ಮಾತ್ರ ಮಾರ್ಕ್ಸ್. ಮೊದಲು ಪ್ರಯೋಗಪುಟದಲ್ಲಿ, ಅಂದರೆ ಬರೆದು ನೋಡಲು ಇರುವ ಕರಡು ಪುಟದಲ್ಲಿ, ಬರೆದು ನನಗೆ ತೋರಿಸಬೇಕು. ಏನಾದರೂ ಗೊಂದಲ ಇದ್ದರೆ ಅರಳಿಕಟ್ಟೆಯಲ್ಲಿ ಕೇಳಬೇಕು. (ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಅರಳಿಕಟ್ಟೆ ಅಂತಾರೆ. ಹೆಸರಿಟ್ಟವರಿಗೆ ಒಂದು ಕಾಫಿ ಕೊಡಿಸಬೇಕು.)

ಈಗ ಆ 18 ಮಾರ್ಕ್ಸಿನ ಹುಡುಗನ ಕಥೆ. ಬೆಳ್ತಂಗಡಿ ಕಡೆಯವನು, ಮನೆ ಮಾತು ತುಳು. ತುಳುವಿನಲ್ಲಿ 'ಯಾನ್ ಬರ್ಪೆ' ಅಂದರೆ ನಾನು ಬರುತ್ತೇನೆ, 'ಆಯೆ ಬರ್ಪೆ' ಅಂದರೆ ಅವನು ಬರುತ್ತಾನೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ತರ ಕಾಣುತ್ತೆ. ಬಾಯಲ್ಲಿ ಒಂದೇ ಅಲ್ಲ. ನಾನು ಬರುತ್ತೇನೆ ಅನ್ನುವಾಗ ಕೊನೆಯ ಸ್ವರಕ್ಕೆ ಬಾಯಿ ಜಾಸ್ತಿ ತೆರೆಯುತ್ತೆ, ಕ್ರಿಕೆಟ್ 'ಬ್ಯಾಟ್' ಅನ್ನುವಾಗಿನ ಹಾಗೆ. ಇಡೀ ಅರ್ಥ ಆ ಒಂದು ಸ್ವರದ ಮೇಲೆ ನಿಂತಿದೆ. ಧ್ವನಿಮಾ ಎಂದರೇನು ಅಂತ ನಾನು ಬೋರ್ಡಿನ ಮೇಲೆ ಎರಡು ಗಂಟೆ ಒದರಿದ್ದು ಇವನ ಮನೆಯ ಅಡುಗೆಮನೆಯಲ್ಲಿ ದಿನಾ ನಡೆಯುತ್ತಿತ್ತು! ಅವನು ಖುಷಿಯಿಂದ ಇದನ್ನು ತುಳು ಭಾಷೆಯ ಪುಟಕ್ಕೆ ಸೇರಿಸಿದ, "ಇದು ಎಲ್ಲ ತುಳುವರಿಗೂ ಗೊತ್ತಿರುವ ವಿಷಯ" ಅಂತಲೂ ಬರೆದ. ಎರಡೇ ಗಂಟೆಯಲ್ಲಿ ಯಾರೋ ಅಳಿಸಿದರು. ಕಾರಣ: ಉಲ್ಲೇಖ ಇಲ್ಲ.

ಮಾರನೇ ದಿನ ಸಿಟ್ಟಲ್ಲಿ ಬಂದ. "ನನ್ನ ಅಜ್ಜಿ ಹೀಗೆಯೇ ಹೇಳುವುದು ಮೇಡಂ, ಅವರಿಗಿಂತ ದೊಡ್ಡ ಉಲ್ಲೇಖ ಯಾವುದು ಉಂಟು?"

ಏನು ಹೇಳೋದು? ನಿಜ ಹೇಳಬೇಕೆಂದರೆ ನನಗೂ ಹೊಟ್ಟೆ ಉರಿಯಿತು. ಇಂಗ್ಲಿಷಿನ ಒಂದೊಂದು ಸ್ವರಕ್ಕೂ ಹತ್ತಾರು ಲೇಖನ ಅಚ್ಚಾಗಿದೆ, ಕಾಪಿ ಪೇಸ್ಟ್ ಮಾಡಿದಷ್ಟು ಸುಲಭವಾಗಿ ಉಲ್ಲೇಖ ಸಿಗುತ್ತೆ. ನಮ್ಮ ಸಣ್ಣ ಭಾಷೆಗಳಿಗೆ ಏನಿದೆ? ಬ್ರಿಗೆಲ್ ಅನ್ನುವ ಬಾಸೆಲ್ ಮಿಶನ್ ಪಾದ್ರಿ 1872ರಲ್ಲಿ ಬರೆದ ತುಳು ವ್ಯಾಕರಣ, 1886ರ ಮೆನ್ನರ್ ಪಾದ್ರಿಯ ನಿಘಂಟು, ಆಮೇಲೆ ಉಡುಪಿಯಿಂದ ಬಂದ ಆರು ಸಂಪುಟದ ದೊಡ್ಡ ತುಳು ನಿಘಂಟು. ತುಳು ಅದೃಷ್ಟವಂತ ಭಾಷೆ, ಇಷ್ಟಾದರೂ ಇದೆ. ಇನ್ನೂ ಸಣ್ಣ ಭಾಷೆಗಳಾದ ಕೊರಗ, ಯರವ ಆಡುವವರು ಏನು ಮಾಡಬೇಕು? ಆಡುವವರ ಮಾತಿಗೆ ಬೆಲೆ ಇಲ್ಲ, ಅವರ ಬಗ್ಗೆ ಹೊರಗಿನವರು ಬರೆದಿದ್ದಕ್ಕೆ ಬೆಲೆ ಇದೆ. ಆದರೂ ಆ ನಿಯಮ ಮುರಿಯಿರಿ ಅಂತ ನಾನು ಹೇಳಲಾರೆ. ಅಜ್ಜಿಯನ್ನು ಒಪ್ಪಿಕೊಂಡರೆ ನಾಳೆ "ಕನ್ನಡದಿಂದಲೇ ಜಪಾನಿ ಹುಟ್ಟಿದ್ದು, ನಮ್ಮ ಮಾವ ಹೇಳಿದ್ದಾರೆ" ಅನ್ನುವವನನ್ನೂ ಒಪ್ಪಿಕೊಳ್ಳಬೇಕಾಗುತ್ತೆ. ಅಂಥವರು ಬಾಗಿಲಲ್ಲೇ ನಿಂತಿದ್ದಾರೆ.

ಹುಡುಗನಿಗೆ ಇಷ್ಟೇ ಹೇಳಿದೆ: ಅಜ್ಜಿಯದು ಸಾಮಗ್ರಿ, ನಿನಗೆ ಬೇಕಿರೋದು ಅದನ್ನು ಪರೀಕ್ಷೆ ಮಾಡಿ ಅಚ್ಚು ಹಾಕಿದವರ ಪುಟ ಸಂಖ್ಯೆ. ಮೂರು ವಾರ ಅಲೆದ. ಇನ್ನೊಂದು ಕಾಲೇಜಿನ ಲೈಬ್ರರಿಯಲ್ಲಿ, ಗೆದ್ದಲು ಹಿಡಿಯಲು ಸ್ವಲ್ಪವೇ ಬಾಕಿ ಇದ್ದ ಒಂದು ಪಿಎಚ್‌ಡಿ ಪ್ರಬಂಧದಲ್ಲಿ ಸಿಕ್ಕಿತು. ಅದನ್ನು ಓದುತ್ತಾ ಶಿವಳ್ಳಿ ಬ್ರಾಹ್ಮಣರ ತುಳು ಬೇರೆ, ಸಾಮಾನ್ಯ ತುಳು ಬೇರೆ, ಊರಿಂದ ಊರಿಗೂ ವ್ಯತ್ಯಾಸ ಇದೆ ಅಂತ ನೋಡಿ, 'ಎಲ್ಲ ತುಳುವರಿಗೂ' ಅನ್ನೋದನ್ನು ಅವನೇ ಹೊಡೆದು ಹಾಕಿದ. ನಾನು ಹೇಳಲೂ ಇಲ್ಲ. ಆಮೇಲೆ ಮಾತಾಡುವವರ ಸಂಖ್ಯೆಗೆ 2011ರ ಜನಗಣತಿಯ ಅಂಕಿ ಹಾಕಿದ, 18,46,427. "ತುಳುವಿಗೆ ಲಿಪಿಯೇ ಇಲ್ಲ" ಅನ್ನುವ ಸಾಲು ತೆಗೆದು, ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್‌ಗೆ (ಕಂಪ್ಯೂಟರಿನಲ್ಲಿ ಲಿಪಿಗಳನ್ನು ಬರೆಯಲು ಇರುವ ಜಾಗತಿಕ ಪಟ್ಟಿ) ಸೇರಿದ್ದನ್ನು ಬರೆದ. ಒಟ್ಟು ಹಾಕಿದ್ದು ನಾಲ್ಕು ವಾಕ್ಯ, ತೆಗೆದದ್ದು ಹನ್ನೊಂದು ಸಾಲು. ತೆಗೆದದ್ದರಲ್ಲಿ ಅರ್ಧ ಬರೀ ಹೊಗಳಿಕೆ, ಜೇನಿನಂಥ ಭಾಷೆ, ಮುತ್ತಿನಂಥ ಭಾಷೆ ಅಂತ. ಎರಡು ಮಾರ್ಕ್ಸ್ ಯಾಕೆ ಕಳೆದೆ ಅಂದರೆ, ಅಳಿಸಿದವರ ಜೊತೆ ಚರ್ಚೆ ಪುಟದಲ್ಲಿ ಮೊದಲ ದಿನ ಸ್ವಲ್ಪ ಜಗಳ ಆಡಿದ್ದ.

ಇನ್ನೊಬ್ಬಳು ವಿಜಯಪುರ ಕಡೆಯ ತಾಂಡಾದವಳು, ಹಾಸ್ಟೆಲಿನಲ್ಲಿ ಇದ್ದು ಓದುತ್ತಾಳೆ. ಲಂಬಾಣಿ, ಅಂದರೆ ಅವರೇ ಗೋರ್‌ಬೋಲಿ ಅನ್ನುವ ಭಾಷೆಯ ಪುಟ ತೆಗೆದುಕೊಂಡಳು. ಜನಗಣತಿಯ ಪಟ್ಟಿ ತೆರೆದವಳು ಹಾಗೇ ಕೂತುಬಿಟ್ಟಳು. "ನಮ್ಮನ್ನ ಹಿಂದಿಯವರಾಗ ಸೇರಿಸ್ಯಾರಲ್ರೀ ಮೇಡಂ!" ಹೌದು. ಲಮಾನಿ, ಲಂಬಾಡಿ ಅಂತ ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನರನ್ನು ಹಿಂದಿಯ ಲೆಕ್ಕಕ್ಕೆ ಹಾಕಿದ್ದಾರೆ. ಭಾಷಾವಿಜ್ಞಾನಿಗಳು ಅದನ್ನು ಇಡುವುದು ರಾಜಸ್ಥಾನಿಯ ಹತ್ತಿರ. ಅವಳು ಎರಡನ್ನೂ ಬರೆದಳು, ಜನಗಣತಿ ಹೀಗೆ ಎಣಿಸುತ್ತದೆ, ಭಾಷಾವಿಜ್ಞಾನ ಹೀಗೆ ಹೇಳುತ್ತದೆ ಅಂತ, ಎರಡಕ್ಕೂ ಉಲ್ಲೇಖ ಕೊಟ್ಟು, ಎಲ್ಲೂ ದನಿ ಏರಿಸದೆ. ಅಷ್ಟು ಸಿಟ್ಟು ಬಂದಿದ್ದರೂ ಅಷ್ಟು ತಣ್ಣಗೆ ಬರೆಯೋದು ನನ್ನ ಕೈಲಿ ಆಗುತ್ತಿರಲಿಲ್ಲ. ಅವಳಿಗೆ 19.

ಎಲ್ಲರೂ ಹೀಗೇ ಅಂದುಕೊಳ್ಳಬೇಡಿ. ಇಬ್ಬರು ಚಾಟ್‌ಜಿಪಿಟಿಯಿಂದ ಬರೆಸಿ ತಂದರು. ಓದಲು ಬಹಳ ಸೊಗಸು, ಕೆಳಗೆ ಸಾಲಾಗಿ ಉಲ್ಲೇಖ ಬೇರೆ. ಒಂದು ಪುಸ್ತಕದ ಹೆಸರು ನೋಡಿ ಆಸೆಯಾಗಿ ಹುಡುಕಿದೆ. ಅಂಥ ಪುಸ್ತಕವೇ ಇಲ್ಲ. "ಪುಸ್ತಕ ಕೈಯಲ್ಲಿ ಹಿಡಿದುಕೊಂಡು ಫೋಟೋ ತೆಗೆದು ಕಳಿಸು" ಅಂತ ಆಮೇಲೆ ನಿಯಮ ಮಾಡಿದೆ. ಸ್ವಲ್ಪ ಪೊಲೀಸ್ ತರ ಆಯ್ತು, ಬೇರೆ ದಾರಿ ಗೊತ್ತಾಗಲಿಲ್ಲ. ಇನ್ನು ಪಾರಿಭಾಷಿಕ ಪದಗಳ ಗಲಾಟೆ. ಒಬ್ಬ 'ಕ್ರಿಯಾಪದ' ಅಂದರೆ ಅಚ್ಚಗನ್ನಡ ಪದಗಳ ಪರವಾಗಿ ಬರೆದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರನ್ನು ಓದಿಕೊಂಡ ಇನ್ನೊಬ್ಬ 'ಎಸಕಪದ' ಅನ್ನುತ್ತಾನೆ, ಒಂದೇ ಪುಟದಲ್ಲಿ ಎರಡೂ ಓಡಾಡುತ್ತಿವೆ. ಅದರ ಬಗ್ಗೆ ಬರೆಯಲು ಹೋದರೆ ಇನ್ನೊಂದು ಪೋಸ್ಟ್ ಆಗುತ್ತೆ, ಕಾಮೆಂಟಿನಲ್ಲಿ ಯುದ್ಧವೂ ಆಗುತ್ತೆ.

ಸ್ಟಾಫ್ ರೂಮಿನವರಿಗೆ ಹೇಳಬೇಕಿದ್ದದ್ದು ಇದು ಸಾರ್. ನಾವು ಪುಟ ಎಣಿಸಿ ಮಾರ್ಕ್ಸ್ ಕೊಟ್ಟರೆ ಮಕ್ಕಳು ಪುಟ ತುಂಬಿಸುತ್ತಾರೆ, ಅವರ ತಪ್ಪೇನಿಲ್ಲ. ಮೂರು ವಾರ ಅಲೆದು ಒಂದು ಪುಟ ಸಂಖ್ಯೆ ತಂದವನಿಗೆ ನಾನು ಕೊಟ್ಟಿದ್ದು ವಾಕ್ಯಕ್ಕೆ ಮಾರ್ಕ್ಸ್ ಅಲ್ಲ, ಓಡಾಟಕ್ಕೆ. ಇನ್ನೂ ಒಂದು ಮಾತು, ಸ್ವಲ್ಪ ಖಾರ ಅನಿಸಬಹುದು. ವಿಕಿಪೀಡಿಯದ ಅಸೈನ್‌ಮೆಂಟ್ ಕೊಡುವ ಮೇಷ್ಟ್ರು ಮೊದಲು ತಾವು ಹತ್ತು ತಿದ್ದುಪಡಿ ಮಾಡಿ, ಅದರಲ್ಲಿ ಎರಡಾದರೂ ಅಳಿಸಿಸಿಕೊಂಡು ಬರಬೇಕು. ನನ್ನದು ಐದು ಅಳಿಸಿದ್ದಾರೆ. ಒಂದಕ್ಕೆ ಇನ್ನೂ ಬೇಜಾರಿದೆ.

ಮುಂದಿನ ಸೆಮಿಸ್ಟರಿಗೆ ಬ್ಯಾರಿ ಭಾಷೆಯ ಪುಟ ತೆಗೆದುಕೊಳ್ಳೋಣ ಅಂತ ಮಕ್ಕಳು ಹೇಳುತ್ತಿದ್ದಾರೆ. ಕ್ಲಾಸಿನಲ್ಲಿ ಇಬ್ಬರ ಮನೆಮಾತು ಅದೇ. ಬ್ಯಾರಿಯ ವ್ಯಾಕರಣವೋ ಪದಕೋಶವೋ ಪ್ರಬಂಧವೋ, ಅಚ್ಚಾದದ್ದು ಏನೇ ಇರಲಿ, ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ, ಜೆರಾಕ್ಸ್ ಮಾಡಿಸಿ ಅದೇ ವಾರ ವಾಪಸ್ ತಂದುಕೊಡುತ್ತೇವೆ.