ಮ್ಯಾಂಚೆಸ್ಟರ್‌ಗೆ ತಂದ ಸೊಸೆ

ದಾವಣಗೆರೆಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಬಿರುದಿತ್ತು. ಹತ್ತಿ ಗಿರಣಿಗಳಿದ್ದವು, ಪಾಳಿ ಬದಲಾದಾಗಲೆಲ್ಲ ಸೈರನ್ ಕೂಗುತ್ತಿತ್ತು. ಗಿರಣಿ ಮುಚ್ಚಿದವು, ಸೈರನ್ ನಿಂತಿತು, ಬಿರುದನ್ನು ಮಾತ್ರ ಯಾರೂ ವಾಪಸ್ ಕೇಳಲಿಲ್ಲ. ಅದರ ಬಲದ ಮೇಲೆಯೇ ನಾವು ಇಂಗ್ಲೆಂಡಿನ ಅಸಲಿ ಮ್ಯಾಂಚೆಸ್ಟರ್‌ನ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿಗೆ ಯಾರು ಮ್ಯಾನೇಜರ್, ಅಂದರೆ ತಂಡ ಆಡಿಸುವ ಗುರು, ಆಗಬೇಕು, ಇರುವವನನ್ನು ಯಾವ ವಾರ ಮನೆಗೆ ಕಳಿಸಬೇಕು ಅನ್ನುವುದನ್ನೆಲ್ಲ ನಮ್ಮ ಮನೆ ಪಡಸಾಲೆಯಲ್ಲಿ ಕೂತು ತೀರ್ಮಾನಿಸುತ್ತೇವೆ. ಅವರಿಗೂ 2013ರ ಮೇಲೆ ಲೀಗ್ ಪಟ್ಟ ಬಂದಿಲ್ಲ. ಹೆಸರು ಉಳಿದು ಸೈರನ್ ನಿಂತವರ ಸಂಕಟ ನಮಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು?

ಸಮಿತಿಯಲ್ಲಿ ನಾಲ್ಕು ಜನ. ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ಗೌಡ್ರು, ನಿವೃತ್ತ ಪಿ.ಟಿ. ಮೇಷ್ಟ್ರು, ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ಮತ್ತು ಟಿವಿ ನನ್ನದಾದ್ದರಿಂದ ನಾನು. ಐದನೆಯವಳು ಅವ್ವ. ಅವಳನ್ನು ಯಾರೂ ನೇಮಿಸಿದ್ದಲ್ಲ. ಪಂದ್ಯ ಶುರುವಾಗುವುದೇ ರಾತ್ರಿ ಹನ್ನೆರಡೂವರೆಗೆ, ನಮ್ಮ ಗಲಾಟೆಯಲ್ಲಿ ಅವಳಿಗೆ ನಿದ್ದೆ ಹತ್ತುವುದಿಲ್ಲ, ಎದ್ದು ಬಂದು ಕಂಬಕ್ಕೆ ಒರಗಿ ಕೂರುತ್ತಾಳೆ. ಸಮಿತಿಯ ಖರ್ಚು ಅಂದರೆ ಖಾರ ಮಂಡಕ್ಕಿ, ಮಿರ್ಚಿ. ಎಂಟು ಗಂಟೆಗೆ ಕಟ್ಟಿಸಿಕೊಂಡು ಬಂದ ಮಿರ್ಚಿ ಮಧ್ಯರಾತ್ರಿ ಹೊತ್ತಿಗೆ ತಣ್ಣಗಾಗಿ, ಪೇಪರಿನ ಅಕ್ಷರವೆಲ್ಲ ಅದರ ಬೆನ್ನ ಮೇಲೆ ಮೂಡಿರುತ್ತದೆ. ಓದಿಕೊಂಡೇ ತಿನ್ನುತ್ತೇವೆ.

ಹತ್ತು ವರ್ಷಕ್ಕೂ ಮೇಲಾಯಿತು, ಸಮಿತಿಯ ಮುಂದಿರುವುದು ಒಂದೇ ಪ್ರಶ್ನೆ: ಸಣ್ಣ ಕ್ಲಬ್ಬಿನಲ್ಲಿ ಹೆಸರು ಮಾಡಿದವನು ದೊಡ್ಡ ಕ್ಲಬ್ಬಿನಲ್ಲಿ ಬಾಳುತ್ತಾನೋ ಇಲ್ಲವೋ?

ಗೌಡ್ರ ನಿಲುವು ಮೊದಲ ದಿನದಿಂದಲೂ ಖಡಕ್. "ಜಗಳೂರು ಸಂತೇಲಿ ತಕ್ಕಡಿ ಹಿಡಿದೋನ್ನ ತಂದು ಎಪಿಎಂಸಿ ಗದ್ದಿಗೆ ಮೇಲೆ ಕೂರಿಸಿದ್ರೆ ಆಗುತ್ತೇನ್ರಿ? ಸಾಲಾಗಿ ನಿಂತ ಲಾರಿ ನೋಡಿದ ಕೂಡ್ಲೇ ಕೈಕಾಲು ನಡುಗ್ತಾವೆ." ಗೌಡ್ರು ಸ್ವತಃ ಜಗಳೂರು ಕಡೆಯಿಂದ ಎರಡು ಚೀಲ ಮೆಕ್ಕೆಜೋಳ ಹೊತ್ತು ಬಂದು ವ್ಯಾಪಾರ ಶುರು ಮಾಡಿದವರು. ಅದನ್ನು ನೆನಪಿಸಿದರೆ "ಅದು ಬೇರೆ" ಅನ್ನುತ್ತಾರೆ.

ಅವರ ಮಾತಿಗೆ ಆಧಾರ 2013ರ ಡೇವಿಡ್ ಮೋಯ್ಸ್. ಎವರ್ಟನ್ ಅನ್ನುವ ಕ್ಲಬ್ಬಿನಲ್ಲಿ 11 ವರ್ಷ ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಸಂಸಾರ ತೂಗಿಸಿದ ಮನುಷ್ಯ. ಅಲೆಕ್ಸ್ ಫರ್ಗ್ಯುಸನ್ ಯುನೈಟೆಡನ್ನು 26 ವರ್ಷ ಆಳಿ, 13ನೇ ಲೀಗ್ ಪಟ್ಟ ಗೆದ್ದು, ಇನ್ನು ಸಾಕು ಅಂತ ಎದ್ದಾಗ ತನ್ನ ಜಾಗಕ್ಕೆ ಇವನನ್ನೇ ಆರಿಸಿದ. ಆರು ವರ್ಷದ ಕರಾರು. ಹೊಸ ಮ್ಯಾನೇಜರ್ ಬೆನ್ನಿಗೆ ನಿಲ್ಲುವುದೇ ಇನ್ನು ನಿಮ್ಮ ಕೆಲಸ ಅಂತ ಫರ್ಗ್ಯುಸನ್ ಮೈದಾನದ ನಡುವೆ ನಿಂತು ಭಾಷಣವನ್ನೂ ಮಾಡಿದ. ಆಮೇಲೆ ಹೋಗಿ ಮೇಲೆ ಡೈರೆಕ್ಟರುಗಳ ಸಾಲಿನಲ್ಲಿ ಕೂತ.

ಅವ್ವ ಮೊದಲು ನೋಡಿದ್ದೇ ಅವನನ್ನು. ಕ್ಯಾಮೆರಾದವನಿಗೂ ಅದೇ ಚಟ. ಇಲ್ಲಿ ಗೋಲು ತಪ್ಪಿತೋ, ಅಲ್ಲಿ ಮುದುಕನ ಮುಖ.

"ಅವನ್ಯಾರಪ್ಪ, ಮೇಲೆ ಕೂತು ಬಾಯಿ ಆಡಿಸ್ತಿದಾನೆ? ಎಲೆಅಡಿಕೆನಾ?"

"ಅಲ್ಲವ್ವ, ಚ್ಯೂಯಿಂಗ್ ಗಮ್. ಹಳೇ ಮ್ಯಾನೇಜರ್."

"ಕೆಳಗೆ ಗೆರೆ ಪಕ್ಕ ಕಣ್ ಕಣ್ ಬಿಡ್ತಾ ನಿಂತೋನು?"

"ಹೊಸಬ. ಮೇಲಿರೋನೇ ನೋಡಿ ಒಪ್ಪಿ ಕರ್ಕೊಂಡು ಬಂದಿದ್ದು."

ಅವ್ವ ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿದಳು. "ಹಂಗಾದ್ರೆ ಇದು ಆಟ ಅಲ್ಲ ಬಿಡು, ಸೊಸೆ ತಂದಿದಾರೆ" ಅಂದಳು.

ಅಲ್ಲಿಂದ ಮುಂದೆ ನಮಗೆ ಆಟ ಆಟವಾಗಿ ಕಾಣಲಿಲ್ಲ. ದೊಡ್ಡ ಮನೆಯವರಿಗೆ ಒಂದು ಶಾಸ್ತ್ರವಿದೆ: ಹೆಣ್ಣು ಕೊಟ್ಟರೆ ಉಳ್ಳವರ ಮನೆಗೆ ಕೊಡಬೇಕು, ತಂದರೆ ಬಡವರ ಮನೆಯಿಂದ ತರಬೇಕು. ಹೊಂದಿಕೊಂಡು ಹೋಗುತ್ತಾಳೆ, ಇದ್ದದ್ದರಲ್ಲೇ ತೂಗಿಸುತ್ತಾಳೆ, ಬಾಯಿಯಿಲ್ಲ. ಈ ಮೂರು ಗುಣ ಹುಡುಕಿ ತರುತ್ತಾರೆ. ಮೂರನೇ ತಿಂಗಳಿಗೆ ಇದೇ ಮೂರೂ ಕುಂದಾಗುತ್ತವೆ. ಎಲ್ಲದಕ್ಕೂ ಹೊಂದಿಕೊಳ್ಳುತ್ತಾಳೆ, ಗತ್ತಿಲ್ಲ. ಬರೀ ಉಳಿತಾಯ, ಕೈ ಬಿಚ್ಚಿ ಖರ್ಚು ಮಾಡಿ ಗೊತ್ತಿಲ್ಲ. ನಾಲ್ಕು ಜನರೆದುರು ಮಾತಾಡಲು ಬರುವುದಿಲ್ಲ.

ಮೋಯ್ಸ್ ಸೊಸೆ ಮಾಡುವ ತಪ್ಪುಗಳನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಫರ್ಗ್ಯುಸನ್ ಕಾಲದ ಸಹಾಯಕರನ್ನು ಕಳಿಸಿ ಎವರ್ಟನ್‌ನಿಂದ ತನ್ನವರನ್ನು ಕರೆಸಿಕೊಂಡ. ತವರಿನಿಂದ ಹಂಡೆ ತಂದ ಹಾಗೆ ಗುಂಗುರು ಕೂದಲಿನ ಎತ್ತರದ ಆಟಗಾರ ಫೆಲೈನಿಯನ್ನು 2.75 ಕೋಟಿ ಪೌಂಡ್ ಕೊಟ್ಟು ಹೊತ್ತು ತಂದ. ಪಂದ್ಯದ ಹಿಂದಿನ ರಾತ್ರಿ ಆಟಗಾರರು ತಿನ್ನುತ್ತಿದ್ದ ಆಲೂ ಚಿಪ್ಸ್ ನಿಲ್ಲಿಸಿದ ಅಂತ ತಂಡದಲ್ಲಿದ್ದ ಫರ್ಡಿನೆಂಡ್ ಆಮೇಲೆ ಬರೆದುಕೊಂಡ. ಇದನ್ನು ಹೇಳಿದಾಗ ಮೇಷ್ಟ್ರು ಕೈಯಲ್ಲಿದ್ದ ಮಿರ್ಚಿಯನ್ನು ಎದೆಗೊತ್ತಿಕೊಂಡರು. "ಇದೊಂದು ಮಾಡಬಾರದಿತ್ತು."

2014ರ ಫೆಬ್ರುವರಿಯಲ್ಲಿ ಪಟ್ಟಿಯ ತಳದಲ್ಲಿದ್ದ ಫುಲ್ಹಮ್ ಮೇಲೆ 80ಕ್ಕೂ ಹೆಚ್ಚು ಕ್ರಾಸ್, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು, ಹೊಡೆಸಿದ, ಆಟ 2-2. ಒಗ್ಗರಣೆಗೆ ಎಂಬತ್ತು ಸಲ ಸಾಸಿವೆ ಹಾಕಿದರೂ ಸಾರು ಸಪ್ಪೆ. ಸ್ಟೇಡಿಯಂನಲ್ಲಿ 'ಆರಿಸಿ ತಂದವನು' ಅಂತ ಬ್ಯಾನರ್ ಕಟ್ಟಿತ್ತು; ಅದೇ ಕ್ಲಬ್ಬಿನ ಅಭಿಮಾನಿಗಳಲ್ಲಿ ಕೆಲವರು ಮಾರ್ಚ್‌ನಲ್ಲಿ ಚಂದಾ ಎತ್ತಿ 'ಇವನಲ್ಲ' ಅಂತ ಬರೆಸಿ ವಿಮಾನದ ಬಾಲಕ್ಕೆ ಕಟ್ಟಿ ಹಾರಿಸಿದರು. ಏಪ್ರಿಲ್ 20ಕ್ಕೆ ಎವರ್ಟನ್‌ನಲ್ಲಿ, ಅಂದರೆ ತವರಿನಲ್ಲೇ, 2-0ಯಲ್ಲಿ ಸೋತ. 22ಕ್ಕೆ ಗಂಟು ಮೂಟೆ. ಆರು ವರ್ಷದ ಕರಾರು ಹತ್ತು ತಿಂಗಳಿಗೆ ಮುಗಿಯಿತು.

"ನೋಡಿದ್ರಾ? ಸರಕಲ್ಲೇ ತೇವಾಂಶ ಜಾಸ್ತಿ" ಅಂದರು ಗೌಡ್ರು. ಅವರು ಎಲ್ಲಕ್ಕೂ ಹಾಕುವ ತೀರ್ಪು ಅದು. ಮಗಳಿಗೆ ಬಂದ ಸಂಬಂಧವನ್ನೂ ತೇವಾಂಶ ನೋಡಿಯೇ ವಾಪಸ್ ಕಳಿಸಿದವರು.

ಹುಡುಗ ಬಿಡಬೇಕಲ್ಲ. ಮೊಬೈಲ್ ತಿಕ್ಕಿ ಫರ್ಗ್ಯುಸನ್ನನ ಜಾತಕವನ್ನೇ ಹೊರಗೆ ತೆಗೆದ. ಸ್ಕಾಟ್ಲೆಂಡಿನ ಈಸ್ಟ್ ಸ್ಟರ್ಲಿಂಗ್‌ಷೈರ್ ಅನ್ನುವ, ಹೆಸರು ಹೇಳುವಷ್ಟರಲ್ಲಿ ಪಂದ್ಯ ಮುಗಿಯುವಂಥ ಸಣ್ಣ ಕ್ಲಬ್ಬಿನಲ್ಲಿ ಶುರು ಮಾಡಿದವನು. ಸೇಂಟ್ ಮಿರೆನ್‌ನವರು 1978ರಲ್ಲಿ ಕೆಲಸದಿಂದ ಕಿತ್ತು ಹಾಕಿದ್ದರು. ಅಬರ್ಡೀನ್ ಸೇರಿ 1983ರಲ್ಲಿ ರಿಯಲ್ ಮ್ಯಾಡ್ರಿಡ್ ಅಂಥದ್ದನ್ನೇ ಸೋಲಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಎತ್ತಿದ. 1986ರಲ್ಲಿ ಮ್ಯಾಂಚೆಸ್ಟರ್‌ಗೆ ಬಂದ ಮೇಲೆ ಮೊದಲ ಕಪ್ ಸಿಕ್ಕಿದ್ದು 1990ಕ್ಕೆ, ಲೀಗ್ ಪಟ್ಟ 1993ಕ್ಕೆ. 1989ರಲ್ಲಿ ಇವನಿಗೂ ಬ್ಯಾನರ್ ಹಿಡಿದಿದ್ದರು: ಮೂರು ವರ್ಷ ನೆಪ ಕೇಳಿದ್ದಾಯಿತು, ಹೊರಡಪ್ಪ.

"ಮೂರೂವರೆ ವರ್ಷ ಬರಿಗೈಲಿ ಇಟ್ಕೊಂಡಿದ್ರಾ?" ಅವ್ವನಿಗೆ ಆಶ್ಚರ್ಯ. "ಆಗ ಮೇಲೆ ಕೂತು ಬಾಯಾಡಿಸೋರು ಯಾರೂ ಇರಲಿಲ್ಲೇನೋ."

ಇದ್ದರು. ಇವನಿಗೂ ಮುಂಚೆ ಆಳಿದ ಮ್ಯಾಟ್ ಬಸ್ಬಿ ಇದ್ದರು. ಆದರೆ ಅವ್ವನ ಸಿದ್ಧಾಂತ ಕೆಡಿಸುವ ಧೈರ್ಯ ಸಮಿತಿಯಲ್ಲಿ ಯಾರಿಗೂ ಬರಲಿಲ್ಲ.

ಬರಿಗೈ ಅಂದಾಗ ಮೇಷ್ಟ್ರು ತಮ್ಮ ಕಥೆ ಬಿಚ್ಚಿದರು. ಹಳ್ಳಿ ಶಾಲೆಯಲ್ಲಿದ್ದಾಗ ಬರಿಗಾಲಿನ ಹುಡುಗಿಯರನ್ನು ಕಟ್ಟಿಕೊಂಡು ಖೋ ಖೋದಲ್ಲಿ ಜಿಲ್ಲೆಗೆ ಮೊದಲು ಬಂದವರು ಅವರು. ಆ ಸುದ್ದಿ ಹಬ್ಬಿ ಊರೊಳಗಿನ ದೊಡ್ಡ ಶಾಲೆಗೆ, ಹೆಸರು ಬೇಡ, ವರ್ಗವಾಯಿತು. ಹೂವಿನ ಹಾರ ಹಾಕಿ ಬರಮಾಡಿಕೊಂಡರು. ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರರು ಒಂದು ರಿಜಿಸ್ಟರ್ ಕೊಟ್ಟರು, ಮೊಟ್ಟೆ ಲೆಕ್ಕದ್ದು. ಬಿಸಿಯೂಟಕ್ಕೆ ಬಂದ ಮೊಟ್ಟೆ ಎಷ್ಟು, ಬೇಯಿಸಿದ್ದು ಎಷ್ಟು, ಒಡೆದದ್ದು ಎಷ್ಟು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಷ್ಟು. ಮೊಟ್ಟೆ ಮುಗಿದರೆ ಮತದಾರರ ಪಟ್ಟಿ, ಅದು ಮುಗಿದರೆ ಇನ್ನೊಂದು ಸಮೀಕ್ಷೆ. ವರ್ಷದ ಕೊನೆಗೆ ಖೋ ಖೋ ತಂಡ ಮೊದಲ ಸುತ್ತಿನಲ್ಲೇ ಸೋತಿತು. "ಹಳ್ಳೀಲಿ ಏನೋ ಲಕ್ಕಿತ್ತು ಪಾಪ ಅಂದ್ರು ಸ್ವಾಮಿ. ಆ ವರ್ಷ ಒಂದು ಮೊಟ್ಟೆ ಲೆಕ್ಕ ತಪ್ಪಿಲ್ಲ, ಅದನ್ನ ಯಾರೂ ಅನ್ಲಿಲ್ಲ."

ಗ್ರಹಾಂ ಪಾಟರ್ ಕಥೆ ಬಂದಾಗ ಮೇಷ್ಟ್ರ ಕಣ್ಣು ಒದ್ದೆಯಾಗಿದ್ದು ಇದಕ್ಕೇ ಇರಬೇಕು. ಬ್ರೈಟನ್ ಅನ್ನುವ ಕಡಲತಡಿಯ ಕ್ಲಬ್ಬನ್ನು ಸದ್ದಿಲ್ಲದೆ 9ನೇ ಸ್ಥಾನಕ್ಕೆ ತಂದವನು. 2022ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ದೊಡ್ಡ ಕ್ಲಬ್ ಚೆಲ್ಸಿಯವರು ಬ್ರೈಟನ್‌ಗೆ 2 ಕೋಟಿ ಪೌಂಡ್‌ಗೂ ಹೆಚ್ಚು ತೆರ ಕೊಟ್ಟು ಕರೆದುಕೊಂಡು ಹೋದರು. ತಾಳ್ಮೆಯಿಂದ ತಂಡ ಕಟ್ಟುತ್ತಾನೆ ಅಂತಲೇ ತಂದದ್ದು. ತಂದವರಿಗೇ ತಾಳ್ಮೆಯಿಲ್ಲ. ಜನವರಿ ಒಂದೇ ತಿಂಗಳಲ್ಲಿ ಎಂಟು ಹೊಸ ಆಟಗಾರರನ್ನು ತಂದರು, ಅದರಲ್ಲಿ ಒಬ್ಬನಿಗೇ 10 ಕೋಟಿ ಪೌಂಡ್ ಮೀರಿದ ಬೆಲೆ. ಹೊಸ ಸೊಸೆ ಒಂದು ಪಾತ್ರೆಯಲ್ಲಿ ಅನ್ನಕ್ಕೆ ಇಡುವಷ್ಟರಲ್ಲಿ ಮನೆಯವರು ದಿನಕ್ಕೊಂದು ಕೊಪ್ಪರಿಗೆ ತಂದು ಒಲೆ ಮುಂದೆ ಒಟ್ಟಿದರೆ ಕಾಲಿಡುವುದು ಎಲ್ಲಿ? ಏಪ್ರಿಲ್ 2ಕ್ಕೆ ಅವನನ್ನೂ ಕಳಿಸಿದರು.

ಇಲ್ಲೊಂದು ಊರಿನ ಮಾತು. ಖಾತೆ ಬದಲಾವಣೆಗೆ ಅಂತ ನಾನು ಅಲೆಯುತ್ತಿರುವ ಒಂದು ಕಚೇರಿಯಲ್ಲಿ ಅಧಿಕಾರಿಗಳ ಹೆಸರು, ಇಂದ, ವರೆಗೆ ಅಂತ ಬರೆದ ಮರದ ಬೋರ್ಡ್ ಇದೆ. ಮೊದಲ ಐದಾರು ಹೆಸರಿಗೆ ಮೂರು ಮೂರು ವರ್ಷ. ಕೆಳಗೆ ಇಳಿದ ಹಾಗೆ ತಿಂಗಳು, ಕೊನೆಗೆ ವಾರ. ಜಾಗ ಸಾಲದೆ ಎರಡನೇ ಬೋರ್ಡ್ ಹಾಕಿದ್ದಾರೆ. ಸಣ್ಣ ತಾಲ್ಲೂಕಿನಲ್ಲಿ ಒಳ್ಳೇ ಕೆಲಸ ಮಾಡಿದವರನ್ನೇ ಹುಡುಕಿ ಇಲ್ಲಿಗೆ ತರುತ್ತಾರೆ, ನನ್ನ ಫೈಲು ಕೈಗೆತ್ತಿಕೊಳ್ಳುವಷ್ಟರಲ್ಲಿ ಎತ್ತಂಗಡಿ. ಆ ಕಚೇರಿಯಲ್ಲಿ ನಾನು ಹೋದಾಗಲೆಲ್ಲ ಸಿಗುವ ಒಂದೇ ಮುಖ ಬೋರ್ಡ್ ಬರೆಯುವ ಪೇಂಟರ್‌ನದು. ಈಗೀಗ ಅವನು 'ಇಂದ' ಬರೆಯುವಾಗಲೇ 'ವರೆಗೆ'ಯ ತಾರೀಖಿಗೂ ಬಣ್ಣ ಕಲಸಿ ಇಟ್ಟುಕೊಳ್ಳುತ್ತಾನೆ.

ಹಾಗಂತ ತಪ್ಪೆಲ್ಲ ಅತ್ತೆಯದೇ ಅನ್ನುವಂತಿಲ್ಲ. ಡರ್ಬಿಯಂಥ ಸಾಧಾರಣ ಊರಿನ ತಂಡವನ್ನು 1972ರಲ್ಲಿ ಲೀಗ್ ಗೆಲ್ಲಿಸಿದ ಬ್ರಯಾನ್ ಕ್ಲಫ್, 1974ರಲ್ಲಿ ಲೀಡ್ಸ್ ಅನ್ನುವ ದೊಡ್ಡ ಕ್ಲಬ್ಬಿಗೆ ಹೋದ. ಹೋದವನೇ ಆಟಗಾರರಿಗೆ, ನಿಮ್ಮ ಪದಕಗಳನ್ನೆಲ್ಲ ಕಸದ ತೊಟ್ಟಿಗೆ ಎಸೀರಿ, ನೀವು ಮೋಸದಿಂದ ಗೆದ್ದವರು ಅಂದನಂತೆ. ಹೊಸ್ತಿಲ ಮೇಲಿನ ಸೇರು ಒದ್ದು ಬಾ ಅಂದರೆ ದೇವರ ಮನೆಯನ್ನೇ ಒದ್ದ ಸೊಸೆ! 44 ದಿನ. ಮಡಿಲಕ್ಕಿ ಗಂಟು ಬಿಚ್ಚುವ ಮೊದಲೇ ವಾಪಸ್. ಅಲ್ಲಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅನ್ನುವ ಇನ್ನೊಂದು ಸಣ್ಣ ಮನೆಗೆ ಹೋಗಿ 1979, 1980 ಎರಡೂ ವರ್ಷ ಯುರೋಪಿಯನ್ ಕಪ್ ಗೆದ್ದು ಲೀಡ್ಸ್‌ನವರ ಹೊಟ್ಟೆ ಉರಿಸಿದ. ಅದೇ ಫಾರೆಸ್ಟ್ ಈಗ ತಾನೇ ದೊಡ್ಡ ಮನೆ ಆಗಿಬಿಟ್ಟಿದೆ. 2025ರಲ್ಲಿ ಪೋಸ್ಟೆಕೊಗ್ಲುನನ್ನು ತಂದು 39 ದಿನಕ್ಕೆ ಕಳಿಸಿತು. ಆ ಬಡಪಾಯಿ ಅದಕ್ಕೂ ಮೊದಲು ಟಾಟೆನ್‌ಹ್ಯಾಮ್‌ಗೆ 17 ವರ್ಷದ ಬರ ಕಳೆದು ಯುರೋಪಾ ಕಪ್ ತಂದುಕೊಟ್ಟು, 16ನೇ ದಿನಕ್ಕೆ ಕೆಲಸ ಕಳೆದುಕೊಂಡಿದ್ದ.

ಗೆದ್ದವರೂ ಇದ್ದಾರೆ, ಅವರ ಕಥೆ ಬೇರೆ. ಬೂಟು ಮಾರಿಕೊಂಡಿದ್ದ ಅರಿಗೊ ಸಾಕ್ಕಿಯನ್ನು ಇಟಲಿಯ ಎರಡನೇ ದರ್ಜೆಯ ಪಾರ್ಮಾದಿಂದ 1987ರಲ್ಲಿ ಮಿಲಾನ್‌ಗೆ ತಂದಾಗ ಶುರುವಿನಲ್ಲಿ ಅವನೂ ಎಡವಿದ. ಆಟಗಾರರು ಮುಖ ತಿರುಗಿಸಿದರು. ಯಜಮಾನ ಬೆರ್ಲುಸ್ಕೋನಿ ಬಂದು, ಇವನು ಇಲ್ಲೇ ಇರುತ್ತಾನೆ, ಆಗದವರು ಮನೆ ಬಿಡಬಹುದು ಅಂದನಂತೆ. ಆ ವರ್ಷವೇ ಲೀಗ್, ಮುಂದೆ ಎರಡು ಯುರೋಪಿಯನ್ ಕಪ್. ಅವ್ವ ಇದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದಳು. ಅಪ್ಪ ಇದ್ದಿದ್ದರೆ ಅವರಿಗೂ ಕೇಳಿಸುತ್ತಿದ್ದಳು.

ಸಮಿತಿಯ ತಲೆ ಪೂರ್ತಿ ಕೆಡಿಸಿದವನು ಮಾತ್ರ ವಿನ್ಸೆಂಟ್ ಕೊಂಪನಿ. 2024ರಲ್ಲಿ ಇವನು ಮ್ಯಾನೇಜರ್ ಆಗಿದ್ದ ಬರ್ನ್‌ಲಿ 38 ಪಂದ್ಯದಲ್ಲಿ ಗೆದ್ದದ್ದು ಐದು. 20 ತಂಡದಲ್ಲಿ 19ನೆಯವರಾಗಿ ಕೆಳಗಿನ ದರ್ಜೆಗೆ ಬಿದ್ದರು. ಆ ತಿಂಗಳೇ ಇವನಿಗೆ ಬಡ್ತಿ: ಜರ್ಮನಿಯ ಅತಿ ದೊಡ್ಡ ಕ್ಲಬ್ ಬಯರ್ನ್ ಮ್ಯೂನಿಕ್! ಎಸ್ಸೆಸ್ಸೆಲ್ಸಿ ಫೇಲಾದವನನ್ನು ಕರೆದು ಪ್ರಿನ್ಸಿಪಾಲ್ ಮಾಡಿದ ಹಾಗೆ. ಮೇಷ್ಟ್ರು ನಕ್ಕರು, ಗೌಡ್ರು ತೇವಾಂಶ ಅಂದರು, 2025ಕ್ಕೆ ಅವನು ಲೀಗ್ ಗೆದ್ದುಕೊಟ್ಟ.

"ಅದು ಹೆಂಗೆ?" ಅಂತ ಗೌಡ್ರು ದಿಕ್ಕೆಟ್ಟು ಅವ್ವನ ಮುಖ ನೋಡಿದರು.

"ಇವನಿಗಿಂತ ಮುಂಚೆ ಬೇರೆಯೋರನ್ನ ಕೇಳಿದ್ರಾ?"

ಹುಡುಗ ಹುಡುಕಿ ಹೇಳಿದ. ಅಲೋನ್ಸೊ ಒಲ್ಲೆ ಅಂದ, ನಾಗೆಲ್ಸ್‌ಮನ್ ಒಲ್ಲೆ ಅಂದ, ರಾಂಗ್ನಿಕ್ ಕೂಡ ಒಲ್ಲೆ ಅಂದ.

"ಮತ್ತೆ! ಮೂರು ಸಂಬಂಧ ತಪ್ಪಿದ ಮನೆಯೋರು ನಾಕನೇದಕ್ಕೆ ಕೊಂಕು ತೆಗೀತಾರಾ? ಅಂಗೈಲಿ ಇಟ್ಕೊಂಡು ಸಾಕ್ತಾರೆ."

ಗೌಡ್ರು ಮಂಡಕ್ಕಿಯಲ್ಲಿ ಶೇಂಗಾ ಆರಿಸುವುದರಲ್ಲಿ ಮಗ್ನರಾದರು.

ಹೋದ ತಿಂಗಳು ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಊರಾಚೆ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿರುವ ಒಂದು ಭಾರೀ ಶಾಲೆಯವರು ಫುಟ್‌ಬಾಲ್ ಕೋಚ್ ಆಗಿ ಬನ್ನಿ ಅಂತ ಕಾರು ಕಳಿಸಿ ಕರೆಸಿಕೊಂಡಿದ್ದರಂತೆ. ಹಳ್ಳಿ ಮಕ್ಕಳನ್ನು ತಯಾರು ಮಾಡಿದ ನಿಮ್ಮಂಥವರೇ ಬೇಕು ಸರ್, ಪೂರ್ತಿ ಸ್ವಾತಂತ್ರ್ಯ ಕೊಡುತ್ತೇವೆ, ಎಷ್ಟು ಬೇಕಾದರೂ ಸಮಯ ತಗೊಳ್ಳಿ, ಡಿಸೆಂಬರ್ ವಾರ್ಷಿಕೋತ್ಸವಕ್ಕೆ ಕಪ್ ಸ್ಟೇಜ್ ಮೇಲಿದ್ದರೆ ಸಾಕು ಅಂದರಂತೆ. ಮೊಟ್ಟೆ ರಿಜಿಸ್ಟರ್ ಇಲ್ಲ ಅನ್ನುವುದನ್ನು ಮೇಷ್ಟ್ರು ಕೇಳಿ ಖಾತ್ರಿ ಮಾಡಿಕೊಂಡು ಬಂದಿದ್ದರು. ಗೌಡ್ರು ಕೈ ಕುಲುಕಿದರು. ಹುಡುಗ ಸೆಲ್ಫಿ ತೆಗೆದ.

ಅವ್ವ ಕಂಬದ ಹತ್ತಿರದಿಂದಲೇ ಕೇಳಿದಳು. "ಅಲ್ಲಿ ಮುಂಚೆ ಇದ್ದ ಮೇಷ್ಟ್ರು ಊರು ಬಿಟ್ರಾ?"

"ಇಲ್ಲಕ್ಕ, ಇದಾರೆ. ಸಲಹೆಗಾರರು ಅಂತ ಮಾಡ್ಕೊಂಡಿದಾರೆ. ಮೈದಾನ ಪೂರ್ತಿ ಕಾಣಲಿ ಅಂತ ಮೇಲೆ ಬಾಲ್ಕನೀಲಿ ಒಂದು ಕುರ್ಚಿ ಹಾಕಿಸ್ಕೊಟ್ಟಿದಾರೆ."

ಅವ್ವ ಎಲೆಯ ತೊಟ್ಟು ಮುರಿದು ಸುಣ್ಣ ಸವರಿದಳು.

"ಬಾಯಾಡಿಸೋಕೆ ಏನ್ ಹಾಕ್ತಾರೆ, ನೋಡಿದ್ರಾ?"