ನೆರಳಿಗೂ ಹಿರಿತೆರೆ ಬೇಕು

ಹಳೆಯ ನುವಾರ್ ಚಿತ್ರಗಳ (ಕತ್ತಲು-ನೆರಳಿನ ದೃಶ್ಯಗಳೇ ತುಂಬಿದ ಅಪರಾಧ ಕಥೆಗಳ) ಸಂಸ್ಕರಿಸಿದ ಪ್ರತಿಗಳು ಮನೆಯ ಟೀವಿಗೇ ಬಂದಿರುವಾಗ ಚಿತ್ರಮಂದಿರಕ್ಕೆ ಹೋಗುವ ಅಗತ್ಯವೇನು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೇಳಿದ್ದಾರೆ. ಪ್ರತಿಗಳ ಗುಣಮಟ್ಟ ಚೆನ್ನಾಗಿದೆ ಎಂದು ಅವರು ಬರೆದಿರುವುದನ್ನು ಒಪ್ಪುತ್ತೇನೆ. ಆದರೆ ಈ ಚಿತ್ರಗಳ ಕತ್ತಲೆಯನ್ನು ಹಿರಿತೆರೆಯ ಅಳತೆಗೆ ತಕ್ಕಂತೆ ರೂಪಿಸಲಾಗಿತ್ತು ಎಂಬುದನ್ನು ಲೇಖನ ಗಮನಿಸಿಲ್ಲ.

ಬಿಲ್ಲಿ ವೈಲ್ಡರ್ ನಿರ್ದೇಶಿಸಿದ 1944ರ ‘ಡಬಲ್ ಇಂಡೆಮ್ನಿಟಿ’ಯನ್ನೇ ನೋಡಿ. ಮನೆಯೊಂದರ ಕಿಟಕಿಯ ಪಟ್ಟಿಪರದೆಯ ಸಂದಿಯಿಂದ ನುಗ್ಗುವ ಬಿಸಿಲಿನಲ್ಲಿ ದೂಳು ತೇಲುವುದು ಕಾಣಲೆಂದು ಛಾಯಾಗ್ರಾಹಕ ಜಾನ್ ಸೈಟ್ಜ್ ಅಲ್ಯುಮಿನಿಯಂ ಪುಡಿಯನ್ನು ಗಾಳಿಯಲ್ಲಿ ಹರಡಿಸಿದ್ದರು. ದೀಪ ಉರಿಯುವ ಕೋಣೆಯ ಸಣ್ಣ ತೆರೆಯಲ್ಲಿ ಆ ಕಣಗಳು ಬರಿಯ ಮಸುಕು. ಚಿತ್ರಮಂದಿರದಲ್ಲಾದರೋ ಆ ಮನೆಯ ಮುಗ್ಗಲು ಗಾಳಿಯೇ ಮೂಗಿಗೆ ಬಡಿದಂತಾಗುತ್ತದೆ.

ಅದೇ ಚಿತ್ರದಲ್ಲಿ, ವಿಮಾ ಕಂಪನಿಯ ಕೀಸ್ ತನ್ನ ಸಹೋದ್ಯೋಗಿ ನೆಫ್‌ನ ಮನೆಯಿಂದ ಹೊರಟು ಲಿಫ್ಟಿನತ್ತ ನಡೆಯುವಾಗ, ನೆಫ್‌ನ ಜೊತೆ ಸೇರಿ ಗಂಡನನ್ನು ಕೊಂದಿರುವ ಫಿಲಿಸ್ ತೆರೆದ ಬಾಗಿಲಿನ ಮರೆಯಲ್ಲಿ ಅಡಗಿರುತ್ತಾಳೆ. ದೊಡ್ಡ ತೆರೆಯಲ್ಲಿ ನಮ್ಮ ಕಣ್ಣು ಆ ತುದಿಯಿಂದ ಈ ತುದಿಗೆ ಓಡಾಡಲೇಬೇಕಾಗುತ್ತದೆ. ಆತಂಕ ಹುಟ್ಟುವುದೇ ಆ ಓಡಾಟದಲ್ಲಿ. (ಹೊರಕ್ಕೆ ತೆರೆದುಕೊಳ್ಳುವ ಮನೆಬಾಗಿಲು ಅಸಹಜವೆಂದು ತಕರಾರು ತೆಗೆಯುವವರಿದ್ದಾರೆ, ಉಸಿರು ಬಿಗಿಹಿಡಿದು ಕುಳಿತವರಿಗೆ ಅದು ಹೊಳೆಯುವುದೂ ಇಲ್ಲ.)

ಹೆಚ್ಚುಕಡಿಮೆ ಚೌಕಾಕಾರದ, 1.37:1 ಅಗಲ-ಎತ್ತರ ಅನುಪಾತದ ಇಂಥ ಚಿತ್ರವನ್ನು ಇಂದಿನ ಅಗಲ ತೆರೆಗೆ ಹಿಗ್ಗಿಸಿಯೋ ತಲೆ ಕತ್ತರಿಸಿಯೋ ತೋರಿಸುವ ಮಂದಿರವಾದರೆ ಮಾತ್ರ, ಲೇಖಕರು ಹೇಳುವಂತೆ ಮನೆಯಲ್ಲೇ ನೋಡುವುದು ಮೇಲು.